ಕಣ್ಣಿಗೆ ಬಡಿಸುವ ಸಿಹಿ

ಶಿರಸಿಯಿಂದ ಯಲ್ಲಾಪುರಕ್ಕೆ ಹೋಗುವ ರಸ್ತೆಯಲ್ಲಿ, ಅಡಿಕೆ ತೋಟಗಳಿಗೂ ಕಾಡಿಗೂ ನಡುವೆ ನೆಲೆಸಿರುವ ಮಂಚಿಕೇರಿಗೆ ಹಬ್ಬದ ಸಿಹಿ ಈಗ ಬಸ್ಸಿನಲ್ಲಿ ಬರುತ್ತದೆ. ಜ್ಞಾನಸ್ನಾನ, ಪ್ರಥಮ ಪರಮಪ್ರಸಾದ, ಮದುವೆಯ ಇಪ್ಪತ್ತೈದನೆಯ ವರ್ಷ, ಗುರುದೀಕ್ಷೆಯ ರಜತ ಮಹೋತ್ಸವ, ಯಾವ ಸಂದರ್ಭವೇ ಆಗಲಿ, ಪೇಟೆಯ ಬೇಕರಿಯಿಂದ ಒಂದು ಚೌಕಾಕಾರದ ರಟ್ಟಿನ ಪೆಟ್ಟಿಗೆ ಹೊರಡುತ್ತದೆ. ತರುವವರು ಅದನ್ನು ಎರಡೂ ಕೈಗಳಿಂದ ತೊಡೆಯ ಮೇಲೆ ಹಿಡಿದು, ಪ್ರತಿ ತಿರುವಿನಲ್ಲಿಯೂ ಉಸಿರು ಬಿಗಿಹಿಡಿದು ಕುಳಿತಿರುತ್ತಾರೆ. ಪೆಟ್ಟಿಗೆಯನ್ನು ತೆರೆದಾಗ ಕಾಣುವುದು ನೀಲಿ, ಗುಲಾಬಿ, ನೇರಳೆ ಬಣ್ಣಗಳ ಕ್ರೀಮಿನ ಗೋಪುರ. ಅದರ ಮೇಲೆ ಬೆಳ್ಳಿಯ ಹೊಳಪಿನ ಸಕ್ಕರೆ ಗುಂಡುಗಳು, ಸುತ್ತಲೂ ಗುಲಾಬಿ ಹೂವುಗಳು, ನಡುವೆ ಒಂದು ಹೆಸರು. ಇತ್ತೀಚೆಗೆ ಅದರ ಪಕ್ಕದಲ್ಲಿ ಇನ್ನೊಂದು ಚಿಕ್ಕ ಪೆಟ್ಟಿಗೆಯೂ ಬರತೊಡಗಿದೆ. ಅದರಲ್ಲಿರುವುದು ಡೋನಟ್: ಚಾಕೊಲೇಟಿನಲ್ಲಿ ಅದ್ದಿ, ಬಣ್ಣದ ಚೂರುಗಳನ್ನು ಉದುರಿಸಿ, ಒಳಗೂ ಒಂದಿಷ್ಟು ಸಿಹಿ ತುಂಬಿ ಇಟ್ಟದ್ದು. ಈ ಪೆಟ್ಟಿಗೆಗಳ ವಿರುದ್ಧ ನನಗೆ ಹೇಳುವುದಿದೆ.

ಸಿಹಿಯ ವಿರುದ್ಧ ನನ್ನ ತಕರಾರಿಲ್ಲವೆಂಬುದನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ. ಧರ್ಮಸಭೆ ಎಂದೂ ಸಿಹಿಯ ವೈರಿಯಾಗಿರಲಿಲ್ಲ. ಪೋರ್ಚುಗಲ್ಲಿನ ಸಂನ್ಯಾಸಿನಿಯರ ಮಠಗಳು ಮೊಟ್ಟೆಯ ಹಳದಿ ಮತ್ತು ಸಕ್ಕರೆಯಿಂದ ಮಾಡಿದ ಭಕ್ಷ್ಯಗಳಿಗೆ ಇಂದಿಗೂ ಪ್ರಸಿದ್ಧ. ಸಿಸಿಲಿಯ ಪಾಲೆರ್ಮೊ ನಗರದ ಮಾರ್ತೊರಾನ ಮಠದ ಹೆಸರನ್ನು ಅಲ್ಲಿನ ಬಾದಾಮಿಯ ಸಿಹಿಯೊಂದು ಹೊತ್ತಿದೆ. ಪದರು ಪದರಾದ ಬಿಬಿಂಕಾ ಹಳೆಯ ಗೋವೆಯ ಸಂತ ಮೋನಿಕಾ ಮಠದಲ್ಲಿ ಹುಟ್ಟಿತೆಂಬ ಕಥೆಯನ್ನು ನಮ್ಮ ಕೊಂಕಣಿ ಮನೆಗಳಲ್ಲಿ ಕೇಳಿದವರುಂಟು. ಡೋನಟ್ಟಿನ ಪೂರ್ವಜರೂ ಹಬ್ಬದ ಪಂಚಾಂಗದೊಳಗಿನವರೇ. ಜರ್ಮನಿ, ಆಸ್ಟ್ರಿಯಾ ದೇಶಗಳಲ್ಲಿ ಕ್ರಾಪ್ಫನ್, ಪೋಲೆಂಡಿನಲ್ಲಿ ಪೊಂಚ್ಕಿ ಎಂಬ ಕರಿದ ಹಿಟ್ಟಿನ ಉಂಡೆಗಳನ್ನು ತಪಸ್ಸುಕಾಲ ಆರಂಭವಾಗುವ ಮುನ್ನ ಮಾಡುತ್ತಿದ್ದರು. ವಿಭೂತಿ ಬುಧವಾರದಿಂದ ಕೊಬ್ಬು, ಮೊಟ್ಟೆ, ಸಕ್ಕರೆಗಳಿಗೆ ವಿದಾಯ ಹೇಳಬೇಕಾದುದರಿಂದ ಮನೆಯಲ್ಲಿ ಉಳಿದಿದ್ದನ್ನು ಮುಗಿಸುವ ಉಪಾಯವದು. ಮುಂದೆ ನಲವತ್ತು ದಿನಗಳ ಉಪವಾಸವಿದ್ದುದರಿಂದಲೇ ಆ ಒಂದು ದಿನದ ಉಂಡೆಗೆ ರುಚಿ. 1917ರಲ್ಲಿ, ಮೊದಲ ಮಹಾಯುದ್ಧದ ಕಾಲದಲ್ಲಿ, ಫ್ರಾನ್ಸಿನಲ್ಲಿದ್ದ ಸಾಲ್ವೇಶನ್ ಆರ್ಮಿಯ ಮಹಿಳೆಯರು ಕೈಗೆ ಸಿಕ್ಕಿದ ಹಿಟ್ಟು, ಸಕ್ಕರೆ, ಕೊಬ್ಬಿನಿಂದಲೇ ಡೋನಟ್ ಕರಿದು ದಣಿದ ಸೈನಿಕರಿಗೆ ಹಂಚಿದರು. 1938ರಲ್ಲಿ ಷಿಕಾಗೋದಲ್ಲಿ ಆರಂಭವಾದ ಡೋನಟ್ ದಿನ ಅವರ ನೆನಪಿನದ್ದು. ಅಂದು ಕೆಸರಿನಲ್ಲಿ ನಿಂತವನ ಕೈಗೆ ಬಂದ ಆ ಬಿಸಿ ಬಳೆಗೆ ಯಾವ ಅಲಂಕಾರವೂ ಬೇಕಿರಲಿಲ್ಲ. ನಡುವಿನ ತೂತು ಕೂಡ ಚಂದಕ್ಕಾಗಿ ಬಂದದ್ದಲ್ಲ. ನಮ್ಮ ಉದ್ದಿನ ವಡೆಯ ತೂತಿನಂತೆ, ನಡುವಿನ ಹಿಟ್ಟು ಹಸಿಯಾಗಿ ಉಳಿಯದೆ ಬೇಯಲೆಂದು ಬಂದದ್ದು.

ಹೀಗಿದ್ದ ತಿಂಡಿ ಎಲ್ಲಿ ದಾರಿ ತಪ್ಪಿತು? ತಿನ್ನುವವನಿಗಾಗಿ ಮಾಡುವುದನ್ನು ಬಿಟ್ಟು ನೋಡುವವನಿಗಾಗಿ ಮಾಡತೊಡಗಿದಾಗ ಎಂದು ನಾನು ಹೇಳುತ್ತೇನೆ. ಗಾಜಿನ ಪೆಟ್ಟಿಗೆಯೊಳಗಿಟ್ಟು ದೀಪ ಹಾಕಿದ ಮೇಲೆ ತಿಂಡಿಗೆ ಬೇರೆ ಧರ್ಮ ಬರುತ್ತದೆ. ಅದು ಬಾಗದೆ ನಿಲ್ಲಬೇಕು, ಸಂಜೆಯವರೆಗೂ ಹೊಳೆಯಬೇಕು, ಮೊಬೈಲಿನ ಚಿತ್ರದಲ್ಲಿ ಎದ್ದು ಕಾಣಬೇಕು. ಇವಿಷ್ಟನ್ನೂ ಸಾಧಿಸಲು ಹಾಲು, ಬೆಣ್ಣೆ, ಮೊಟ್ಟೆ ಸಾಕಾಗುವುದಿಲ್ಲ.

ಕನ್ನಡದಲ್ಲಿ ‘ಕೆನೆ’ ಎಂಬ ಒಳ್ಳೆಯ ಪದವಿದೆ. ಕಾಯಿಸಿದ ಹಾಲು ಆರಿದಾಗ ಮೇಲೆ ಕಟ್ಟುವುದು ಕೆನೆ. ಬೇಕರಿಯಲ್ಲಿ ಯಾರೂ ಆ ಪದವನ್ನು ಬಳಸುವುದಿಲ್ಲ, ‘ಕ್ರೀಮ್’ ಎನ್ನುತ್ತಾರೆ. ಅರಿಯದೆಯೇ ಅವರು ಸತ್ಯವನ್ನು ನುಡಿಯುತ್ತಿದ್ದಾರೆ. ಇಂದು ಅಲಂಕಾರದ ಕೇಕುಗಳ ಮೇಲಿರುವ ಕ್ರೀಮಿನ ಬಹುಪಾಲು ಹಾಲಿನದ್ದಲ್ಲ. ಗಟ್ಟಿಗೊಳಿಸಿದ ತಾಳೆಬೀಜದ ಎಣ್ಣೆ, ನೀರು, ಸಕ್ಕರೆ, ಇವು ಬೇರ್ಪಡದಂತೆ ಹಿಡಿದಿಡುವ ರಾಸಾಯನಿಕಗಳು, ಇವುಗಳನ್ನು ಸೇರಿಸಿ ಹೆಪ್ಪುಗಟ್ಟಿಸಿ ಮಾರುವ ವಸ್ತುವನ್ನು ಯಂತ್ರದಲ್ಲಿ ಕಡೆದು ಉಬ್ಬಿಸುತ್ತಾರೆ. ಅದು ಮೂರು ಪಟ್ಟಿಗೂ ಮೀರಿ ಉಬ್ಬುತ್ತದೆ. ಗೋಪುರದ ಹೆಚ್ಚಿನ ಭಾಗ ಗಾಳಿ ಎಂದರೆ ಅತಿಶಯೋಕ್ತಿಯಲ್ಲ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ, ಬಸ್ಸಿನ ಸೆಕೆಯಲ್ಲಿ ಯಲ್ಲಾಪುರದಿಂದ ಮಂಚಿಕೇರಿಯವರೆಗೆ ಕರಗದೆ ಬರುವ ಕೆನೆಯ ಹೂವನ್ನು ಕಂಡು ನಮ್ಮ ತಾಯಂದಿರು ಮೆಚ್ಚುತ್ತಾರೆ. ಮನೆಯಲ್ಲಿ ದಿನವೂ ಬೆಣ್ಣೆ ಕಡೆಯುವವರಿಗೆ ಅಲ್ಲಿಯೇ ಅನುಮಾನ ಬರಬೇಕಿತ್ತು! ಡೋನಟ್ಟಿನ ಮೇಲಿನ ಚಾಕೊಲೇಟಿನ ಕಥೆಯೂ ಭಿನ್ನವಲ್ಲ. ಅಗ್ಗದ ಲೇಪದಲ್ಲಿ ಕೋಕೋ ಬೆಣ್ಣೆಯ ಜಾಗದಲ್ಲಿ ಬೇರೆ ಸಸ್ಯಜನ್ಯ ಕೊಬ್ಬಿರುತ್ತದೆ. ಬಾಯಲ್ಲಿ ಪೂರ್ತಿ ಕರಗದೆ ಅಂಗುಳಕ್ಕೆ ಮೇಣದಂತೆ ಅಂಟಿಕೊಳ್ಳುವುದು ಅದೇ.

ಕೃತಕ ಕೊಬ್ಬಿನ ಅತ್ಯಂತ ಹಾನಿಕರ ಅಂಶವಾದ ಟ್ರಾನ್ಸ್ ಕೊಬ್ಬಿಗೆ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2022ರ ಜನವರಿಯಿಂದ ಶೇಕಡಾ 2ರ ಮಿತಿ ಹಾಕಿರುವುದು ನಿಜ, ಸ್ವಾಗತಾರ್ಹ. ಬಣ್ಣದ ವಿಷಯ ಅಷ್ಟು ಸಮಾಧಾನಕರವಾಗಿಲ್ಲ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಕಾಟನ್ ಕ್ಯಾಂಡಿಯಲ್ಲಿಯೂ ಗೋಬಿ ಮಂಚೂರಿಯಲ್ಲಿಯೂ ರೋಡಮೈನ್-ಬಿ ಎಂಬ ಬಣ್ಣವನ್ನು ಬಳಸದಂತೆ ನಿಷೇಧಿಸಿತು. ಅದು ಬಟ್ಟೆಗೆ ಹಾಕುವ ಬಣ್ಣ. ಅದೇ ವರ್ಷ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಬೆಂಗಳೂರಿನ ಬೇಕರಿಗಳ 235 ಕೇಕ್ ಮಾದರಿಗಳನ್ನು ಪರೀಕ್ಷಿಸಿದಾಗ 12ರಲ್ಲಿ ಕೃತಕ ಬಣ್ಣಗಳು ಅಪಾಯಕಾರಿ ಪ್ರಮಾಣದಲ್ಲಿ ಕಂಡುಬಂದವು. ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್ ಎಂಬ ಜನಪ್ರಿಯ ಕೇಕುಗಳ ಹೆಸರು ಆಗ ವಿಶೇಷವಾಗಿ ಕೇಳಿಬಂತು. ಉಳಿದ 223 ಸುರಕ್ಷಿತವಾಗಿದ್ದವೆಂಬುದನ್ನೂ ಹೇಳಲೇಬೇಕು. ಬೇಕರಿಯವರೆಲ್ಲ ವಿಷ ಮಾರುತ್ತಾರೆಂದು ಕೂಗುವುದು ಅನ್ಯಾಯ. ನನ್ನ ಪ್ರಶ್ನೆ ಬೇರೆ. ಕೆಂಪಿಗೆ ರುಚಿಯಿಲ್ಲ, ನೀಲಿಗೆ ಪರಿಮಳವಿಲ್ಲ. ನಾಲಗೆಗೆ ಏನನ್ನೂ ಕೊಡದ ವಸ್ತುವನ್ನು ಮಗುವಿನ ಹೊಟ್ಟೆಗೆ ಯಾಕಾಗಿ ಹಾಕಬೇಕು?

ಹೊಟ್ಟೆಬಾಕತನವೆಂದರೆ ಅತಿಯಾಗಿ ತಿನ್ನುವುದು ಎಂದಷ್ಟೇ ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಗುರುಮಠದಲ್ಲಿ ನೀತಿಶಾಸ್ತ್ರ ಓದಿದವರಿಗೆ ಮಹಾ ಗ್ರೆಗೋರಿಯವರ ವಿಂಗಡಣೆ ನೆನಪಿರುತ್ತದೆ. ಆರನೆಯ ಶತಮಾನದ ಆ ಸಂತರು ಈ ದೋಷಕ್ಕೆ ಐದು ಮುಖಗಳನ್ನು ಕಂಡರು: ಹೊತ್ತಿಗೆ ಮುಂಚೆ ತಿನ್ನುವುದು, ದುಬಾರಿಯಾದುದನ್ನೇ ಬಯಸುವುದು, ಅಳತೆ ಮೀರುವುದು, ಆತುರದಿಂದ ಮುಕ್ಕುವುದು, ಮತ್ತು ಅತಿಯಾದ ನಾಜೂಕಿನಿಂದ ಸಿದ್ಧಪಡಿಸಬೇಕೆಂದು ಹಟ ಹಿಡಿಯುವುದು. ಸಂತ ತೋಮಾಸ್ ಅಕ್ವಿನಾಸರು ಇದನ್ನೇ ಎತ್ತಿಕೊಂಡು ವಿವರಿಸಿದರು. ಏಸಾವನ ತಪ್ಪು ಬೇಳೆಯ ಸಾರಿನಲ್ಲಿರಲಿಲ್ಲ, ಅವನ ಆತುರದಲ್ಲಿತ್ತು. ನಾಜೂಕಿನ ದೋಷಕ್ಕೆ ಗ್ರೆಗೋರಿಯವರು ಕೊಡುವ ದೃಷ್ಟಾಂತ ಯಾಜಕನಾದ ಏಲಿಯ ಮಕ್ಕಳದ್ದು: ಬಲಿಯ ಮಾಂಸ ಬೆಂದು ಬರುವುದು ಅವರಿಗೆ ಒಗ್ಗಲಿಲ್ಲ, ತಮಗೆ ಬೇಕಾದಂತೆ ಸಿದ್ಧಪಡಿಸಲು ಹಸಿಯದನ್ನೇ ಕೊಡಬೇಕೆಂದು ಪೀಡಿಸಿದರು. ಅವರು ಯಾಜಕನ ಮಕ್ಕಳೆಂಬುದನ್ನು ನಾವು ಗುರುಗಳು ತುಸು ಗಮನವಿಟ್ಟು ಓದಬೇಕು.

ಹನ್ನೆರಡನೆಯ ಶತಮಾನದಲ್ಲಿ ಕ್ಲೇರ್ವೋದ ಸಂತ ಬರ್ನಾರ್ಡರಿಗೆ ಇದರ ಮೇಲೆ ಕೆಂಡದಂಥ ಕೋಪ ಬಂದಿತ್ತು. ಸುಮಾರು 1125ರಲ್ಲಿ ಮಠಾಧಿಪತಿ ಗಿಯೋಮರಿಗೆ ಬರೆದ ಪ್ರಸಿದ್ಧ ಪತ್ರದಲ್ಲಿ ಅವರು, ಶ್ರೀಮಂತ ಮಠಗಳ ಅಡುಗೆಮನೆಗಳಲ್ಲಿ ಒಂದೇ ಮೊಟ್ಟೆಯನ್ನು ಎಷ್ಟು ವಿಧವಾಗಿ ತಿರುವಿ, ಕಲಕಿ, ಹುರಿದು, ತುಂಬಿ ಬಡಿಸುತ್ತಾರೆಂದು ಗೇಲಿ ಮಾಡುತ್ತಾರೆ. ನಾಲಗೆಗೆ ಎಷ್ಟೋ ಅಷ್ಟೇ ಕಣ್ಣಿಗೂ ಹಿತವಾಗಲೆಂದು ಆಹಾರದ ಹೊರರೂಪವನ್ನು ತಿದ್ದುತ್ತಾರೆಂಬುದು ಅವರ ಆಕ್ಷೇಪ. ಬಣ್ಣವನ್ನು ಕಾಣದ, ರುಚಿಯನ್ನೂ ಅರಿಯದ ಬಡಪಾಯಿ ಹೊಟ್ಟೆ ಮಾತ್ರ ಬಂದದ್ದೆಲ್ಲವನ್ನೂ ಹೊರಬೇಕಾಗುತ್ತದೆ ಎಂಬರ್ಥದ ಅವರ ಮಾತನ್ನು ಇಂದಿನ ಬೇಕರಿಯ ಗಾಜಿನ ಮುಂದೆ ನಿಂತು ನೆನೆದರೆ ಒಂಬೈನೂರು ವರ್ಷ ಹಳೆಯದೆಂದು ಅನಿಸುವುದಿಲ್ಲ.

ಬರ್ನಾರ್ಡರು ಕಾಣದ ಒಂದು ವಸ್ತುವನ್ನು ನಾವು ಕಂಡಿದ್ದೇವೆ: ಬೈಬಲ್ ಆಕಾರದ ಕೇಕು. ತೆರೆದ ಗ್ರಂಥ, ಪುಟದ ಮೇಲೆ ಸಕ್ಕರೆಯ ಅಕ್ಷರಗಳು, ಬದಿಯಲ್ಲಿ ದ್ರಾಕ್ಷಿ ಗೊಂಚಲು, ಮೇಲೊಂದು ಪಾನಪಾತ್ರೆ. ರಜತ ಮಹೋತ್ಸವದ ವೇದಿಕೆಯಲ್ಲಿ ಗುರುಗಳ ಕೈಗೆ ರಿಬ್ಬನ್ ಕಟ್ಟಿದ ಚೂರಿ ಕೊಡುತ್ತಾರೆ. ಚಪ್ಪಾಳೆಯ ನಡುವೆ ಶುಭಸಂದೇಶದ ಪುಟ ಎರಡು ಹೋಳಾಗುತ್ತದೆ. ಬೆಳಿಗ್ಗೆ ಪೀಠದ ಮೇಲೆ ಮುತ್ತಿಟ್ಟ ಗ್ರಂಥ, ಮಧ್ಯಾಹ್ನ ಊಟದ ಮೇಜಿನ ಮೇಲೆ ಹೀಗೆ! ಇದು ಯಾರಿಗೂ ವಿಚಿತ್ರವೆನಿಸದಿರುವುದೇ ನನಗೆ ವಿಚಿತ್ರ. ಪ್ರಥಮ ಪರಮಪ್ರಸಾದದ ಮಕ್ಕಳ ಕೇಕಿನ ಮೇಲೆ ತಿನ್ನಬಹುದಾದ ಶಾಯಿಯಿಂದ ಮಗುವಿನ ಭಾವಚಿತ್ರವನ್ನೇ ಮುದ್ರಿಸುವುದುಂಟು. ಅದನ್ನು ಕತ್ತರಿಸುವಾಗ ಚೂರಿ ಮೂಗಿನ ಮೇಲೆ ಹೋಗಬೇಕೋ ಹಣೆಯ ಮೇಲೋ ಎಂದು ತಂದೆ ತಡವರಿಸುತ್ತಾನೆ. ಅಂದು ಬೆಳಿಗ್ಗೆ ಆ ಮಗು ಮೊತ್ತಮೊದಲ ಬಾರಿಗೆ ಸ್ವೀಕರಿಸಿದ್ದು ಹಿಟ್ಟು ಮತ್ತು ನೀರಿನ ಒಂದು ತೆಳುವಾದ ಬಿಳಿಯ ಬಿಲ್ಲೆಯನ್ನು. ಅದಕ್ಕೆ ಸಿಹಿಯಿಲ್ಲ, ಉಪ್ಪಿಲ್ಲ, ಬಣ್ಣವಿಲ್ಲ. ಆ ಸರಳತೆಯ ಮುಂದೆ ತಿಂಗಳುಗಟ್ಟಲೆ ಮಗುವನ್ನು ಸಿದ್ಧಗೊಳಿಸಿ, ನಾಲ್ಕು ಗಂಟೆಯೊಳಗೆ ಅದರ ಮುಖವನ್ನು ಸಕ್ಕರೆಯಲ್ಲಿ ಬರೆಸಿ ಇಡುತ್ತೇವೆ. ಮಗು ಯಾವುದನ್ನು ನೆನಪಿಟ್ಟುಕೊಳ್ಳುತ್ತದೆ?

ಇಲ್ಲಿ ಒಂದು ಪ್ರತಿವಾದವಿದೆ. ಅದನ್ನು ನನಗೆ ಹೇಳಿದವರು ತೋಟದ ಕೂಲಿಗೆ ಹೋಗುವ ಒಬ್ಬ ತಾಯಿ. “ಫಾದರ್, ನನ್ನ ಮಗಳು ಶಾಲೆಯಲ್ಲಿ ಎಲ್ಲರ ಹುಟ್ಟುಹಬ್ಬದ ಕೇಕು ತಿಂದು ಬರ್ತಾಳೆ. ವರ್ಷಕ್ಕೊಮ್ಮೆ ಅವಳ ಹೆಸರು ಬರೆದದ್ದು ಒಂದು ಬೇಡವಾ? ದೊಡ್ಡವರ ಮನೇಲಿ ಮಾಡಿದರೆ ಚಂದ, ನಾವು ಮಾಡಿದರೆ ದುಂದು ಅಂತೀರಲ್ಲ!” ಈ ಮಾತನ್ನು ತಳ್ಳಿಹಾಕುವಂತಿಲ್ಲ. ಯಲ್ಲಾಪುರ, ಹಳಿಯಾಳ ತಾಲೂಕುಗಳ ಸಿದ್ದಿ ಬಂಧುಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದೇ 2003ರಲ್ಲಿ. ತಲೆಮಾರುಗಳಿಂದ ಊರಿನ ಅಂಚಿನಲ್ಲಿ ನಿಲ್ಲಿಸಲ್ಪಟ್ಟವರು, ದಿನಗೂಲಿಯವರು, ತಮ್ಮ ಮಗುವಿನ ಹೆಸರನ್ನು ಬಣ್ಣದಲ್ಲಿ ಬರೆಸಿ ಎಲ್ಲರ ಮುಂದೆ ಇಡಬೇಕೆಂದು ಬಯಸುವುದರಲ್ಲಿ ಘನತೆಯ ಹಸಿವಿದೆ. ಆ ಹಸಿವನ್ನು ಗೌರವಿಸುತ್ತೇನೆ. ಆದರೆ ಅದಕ್ಕೆ ಪ್ರತಿಯಾಗಿ ಬೇಕರಿ ಮಾರುವುದೇನು? ಆಕಾರ, ಬಣ್ಣಗಳಿಂದ ಅಲಂಕರಿಸಿದ ಒಂದು ಕಿಲೋ ಕೇಕಿನ ಬೆಲೆ ಆ ತಾಯಿಯ ಎರಡು ದಿನದ ಕೂಲಿಯನ್ನು ಮೀರುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಹೋಗುವುದು ಅಲಂಕಾರಕ್ಕೆ. ಆ ಅಲಂಕಾರವನ್ನು ಮಕ್ಕಳು ತಿನ್ನುವುದೂ ಇಲ್ಲ. ಸಕ್ಕರೆಯ ಹಾಳೆಯನ್ನು ಸುಲಿದು ತಟ್ಟೆಯ ಬದಿಗೆ ತಳ್ಳುತ್ತಾರೆ, ಉಳಿದದ್ದನ್ನು ಒಬ್ಬರ ಮುಖಕ್ಕೊಬ್ಬರು ಬಳಿಯುತ್ತಾರೆ. ಹಾಗಾಗಿ ನನ್ನ ದೂರು ಆ ತಾಯಿಯ ಮೇಲಿಲ್ಲ. ಅಳತೆಗೋಲನ್ನು ನೆಟ್ಟವರು ಅವಳಲ್ಲ. ಧರ್ಮಕೇಂದ್ರದಲ್ಲಿ ಮೊದಲು ಮೂರು ಅಂತಸ್ತಿನ ಕೇಕು ತರಿಸಿದ ಉಳ್ಳವರ ಮನೆ, ಅದಕ್ಕೆ ಚಪ್ಪಾಳೆ ತಟ್ಟಿದ ವೇದಿಕೆ, ಅದರ ಪಕ್ಕದಲ್ಲಿ ನಿಂತು ಚಿತ್ರ ತೆಗೆಸಿಕೊಂಡ ಗುರುಮನೆ, ಇವು ಉತ್ತರ ಕೊಡಬೇಕು. ಮೇಲಿನವರು ಇಳಿಸದೆ ಕೆಳಗಿನವರಿಗೆ ಮಿತವ್ಯಯ ಬೋಧಿಸುವ ಪ್ರಸಂಗದಷ್ಟು ಅಗ್ಗದ ಪ್ರಸಂಗ ಬೇರೊಂದಿಲ್ಲ.

ಅಲಂಕಾರವೇ ತಪ್ಪೆಂದು ಯಾರಾದರೂ ನನ್ನ ಮಾತನ್ನು ತಿರುಚಿಯಾರು. ಕ್ರಿಸ್ತಜಯಂತಿಯ ಕುಸ್ವಾರ್ ತಟ್ಟೆಯನ್ನು ನೋಡಿ. ನೆವ್ರಿಯ ಅಂಚಿಗೆ ಬೆರಳಿನಿಂದ ನೆರಿಗೆ ಹಿಡಿಯುತ್ತಾರೆ. ನೋಡಲು ಚಂದ, ಒಳಗಿನ ಎಳ್ಳು ತೆಂಗಿನಕಾಯಿಯ ಹೂರಣ ಎಣ್ಣೆಗೆ ಸೋರದಂತೆ ಬಿಗಿಯುವ ಕೆಲಸವೂ ಅದರದ್ದೇ. ಕಿಡ್ಯೊ ಮಾಡುವಾಗ ಹಿಟ್ಟಿನ ಚೂರನ್ನು ಬಾಚಣಿಗೆಯ ಮೇಲೋ ಮುಳ್ಳುಚಮಚದ ಬೆನ್ನ ಮೇಲೋ ಒತ್ತಿ ಸುರುಳಿ ಸುತ್ತುತ್ತಾರೆ. ಆ ಗೆರೆಗಳಲ್ಲಿಯೇ ಸಕ್ಕರೆ ಪಾಕ ನಿಲ್ಲುವುದು. ಅಲ್ಲಿ ಚಂದಕ್ಕೂ ಕೆಲಸಕ್ಕೂ ಜಗಳವಿಲ್ಲ. ಹತ್ತು ಕೈಗಳು ಕೂಡದಿದ್ದರೆ ಅದು ಆಗುವುದೂ ಇಲ್ಲ. ಅತ್ತೆ, ಸೊಸೆ, ಪಕ್ಕದ ಮನೆಯ ಬಾಯಿ, ರಜೆಗೆ ಬಂದ ಮಕ್ಕಳು ಎಲ್ಲರೂ ಚಾಪೆಯ ಮೇಲೆ ಕೂತರೆ ಎರಡು ಸಂಜೆಯ ಕೆಲಸ.

ಇನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ತೊಡೆದೇವು. ಈ ಭಾಗದ ಓದುಗರಿಗೆ ಅದನ್ನು ವಿವರಿಸುವುದು ಹಾಸ್ಯಾಸ್ಪದ. ಹೊರಗಿನವರಿಗಾಗಿ ಎರಡು ಮಾತು. ಅಕ್ಕಿಯನ್ನು ನೆನೆಸಿ ಕಬ್ಬಿನ ಹಾಲಿನೊಂದಿಗೆ ನುಣ್ಣಗೆ ರುಬ್ಬುತ್ತಾರೆ. ಒಲೆಯ ಮೇಲೆ ಮಡಕೆಯನ್ನು ಬೋರಲು ಹಾಕಿ, ಅದರ ಕಾದ ಬೆನ್ನಿನ ಮೇಲೆ ಕೋಲಿಗೆ ಸುತ್ತಿದ ಬಟ್ಟೆಯಿಂದ ಹಿಟ್ಟನ್ನು ತೊಡೆಯುತ್ತಾರೆ, ಎಂದರೆ ಬಳಿಯುತ್ತಾರೆ. ಹೆಸರು ಬಂದದ್ದು ಹಾಗೆ. ಕ್ಷಣದಲ್ಲಿ ಒಣಗುವ ಆ ಹಾಳೆಗೆ ತುಪ್ಪ ಚಿಮುಕಿಸಿ, ಅಂಚಿನಿಂದ ಎಬ್ಬಿಸಿ, ಬಿಸಿಯಿರುವಾಗಲೇ ಮಡಿಸಿಬಿಡಬೇಕು. ತಡವಾದರೆ ಮುರಿಯುತ್ತದೆ. ಬೆಳಕಿಗೆ ಹಿಡಿದರೆ ಆಚೆಯ ಬೆರಳು ಕಾಣುವಷ್ಟು ತೆಳು. ವಿಮೋಚನಾಕಾಂಡದಲ್ಲಿ ಮನ್ನಾದ ರುಚಿ ಜೇನು ಬೆರೆಸಿದ ತೆಳುರೊಟ್ಟಿಯ ಹಾಗಿತ್ತೆಂಬ ವರ್ಣನೆ ಬಂದಾಗ, ಈ ಸೀಮೆಯಲ್ಲಿ ಧರ್ಮೋಪದೇಶ ಕಲಿಸುವವರಿಗೆ ಬೇರೆ ಉಪಮೆ ಹುಡುಕುವ ಶ್ರಮವಿಲ್ಲ.

ಬೆಲ್ಲವನ್ನು ಔಷಧಿಯೆಂದು ಹೊಗಳುವವರ ಸಾಲಿಗೆ ನಾನು ಸೇರುವುದಿಲ್ಲ. ಬೆಲ್ಲವೂ ಸಕ್ಕರೆಯೇ, ಜೋನಿಬೆಲ್ಲವನ್ನು ಬಟ್ಟಲುಗಟ್ಟಲೆ ಸುರಿದುಕೊಂಡರೆ ಮಧುಮೇಹ ‘ಇದು ಸ್ವದೇಶಿ’ ಎಂದು ಬಿಟ್ಟುಬಿಡುವುದಿಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿಗೆ ಮಧುಮೇಹವಿದೆ, 13 ಕೋಟಿಗೂ ಹೆಚ್ಚು ಮಂದಿ ಅದರ ಹೊಸ್ತಿಲಲ್ಲಿದ್ದಾರೆ. ಬೆರೆಸಿದ ಸಕ್ಕರೆ ದಿನಕ್ಕೆ ದೊಡ್ಡವರಲ್ಲಿ ಸುಮಾರು 50 ಗ್ರಾಂ ಮೀರಬಾರದು, ಅದರ ಅರ್ಧಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು ಎಂಬುದು 2015ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯ ಸಾರಾಂಶ. ಮೇಲೆ ಕ್ರೀಮು ಬಳಿದ ಕೇಕಿನ ತೂಕದಲ್ಲಿ ಸುಮಾರು ಮೂರನೆಯ ಒಂದು ಪಾಲು ಸಕ್ಕರೆ. ದೊಡ್ಡದೊಂದು ತುಂಡು, ಜೊತೆಗೊಂದು ಡೋನಟ್, ಮೇಲೊಂದು ತಂಪು ಪಾನೀಯ. ಏಳು ವರ್ಷದ ಮಗುವಿನ ಲೆಕ್ಕವನ್ನು ಓದುಗರೇ ಮಾಡಿಕೊಳ್ಳಲಿ. ತೊಡೆದೇವಿನಲ್ಲಿ ಸಿಹಿಯಿದ್ದರೂ ಅದರ ತೆಳುವಿನಲ್ಲಿಯೇ ಮಿತಿಯಿದೆ. ಆಲೆಮನೆಯ ಋತು ಮುಗಿದ ಮೇಲೆ ಕಬ್ಬಿನ ಹಾಲೂ ಇಲ್ಲ. ಆಲೆಮನೆಗೆ ಹೋದವರನ್ನು ಒಂದು ಲೋಟ ಕಬ್ಬಿನ ಹಾಲು ಕುಡಿಸದೆ ಕಳುಹಿಸುವ ರೂಢಿ ಈ ಸೀಮೆಯಲ್ಲಿಲ್ಲ. ಬಂದವನು ಯಾವ ಜಾತಿ, ಯಾವ ಮತ ಎಂದು ಕೊಪ್ಪರಿಗೆಯ ಮುಂದೆ ನಿಂತವರು ಸಾಮಾನ್ಯವಾಗಿ ಕೇಳುವುದಿಲ್ಲ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಬಾಧಿಸುವುದು ಈ ಹಂಚಿಕೆಯ ವಿಷಯ. ಕುಸ್ವಾರ್ ತಟ್ಟೆ ಕಸೂತಿ ಬಟ್ಟೆ ಹೊದ್ದು ಬೇಲಿ ದಾಟುತ್ತಿತ್ತು. ಮಂಚಿಕೇರಿಯಂಥ ಊರಿನಲ್ಲಿ ಬೇಲಿಯಾಚೆಗಿರುವುದು ಹವ್ಯಕರ ಮನೆ, ಮರಾಠಿಗರ ಮನೆ, ಸಾಬರ ಮನೆ. ಅಕ್ಕಿ, ತೆಂಗು, ಬೆಲ್ಲ, ಎಳ್ಳುಗಳ ತಿಂಡಿಯಾದುದರಿಂದ ತಿನ್ನುವವರು ತಿಂದರು. ಮಡಿಯ ಅಜ್ಜಿಯರು ತಾವು ಮುಟ್ಟದೆ ಮೊಮ್ಮಕ್ಕಳ ಕೈಗೆ ಕೊಟ್ಟರು. ಅದೇ ತಟ್ಟೆ ಬರಿದಾಗಿ ಮರಳದೆ ಅತ್ರಾಸವನ್ನೋ ನಾಲ್ಕು ತೊಡೆದೇವನ್ನೋ ಹೊತ್ತು ಬಂದಿತು. ಮೊಟ್ಟೆ ಹಾಕಿದ, ಮರುದಿನಕ್ಕೆ ಹುಳಿಯಾಗುವ ಕ್ರೀಮಿನ ತುಂಡನ್ನು ಯಾರ ಮನೆಗೆ ಕಳುಹಿಸುತ್ತೀರಿ? ಅದು ಒಬ್ಬನ ಹೆಸರಿನದ್ದು, ಒಬ್ಬನು ಕತ್ತರಿಸುವಂಥದ್ದು, ಚಪ್ಪರದೊಳಗಿದ್ದವರು ಅಂದೇ ಮುಗಿಸಬೇಕಾದದ್ದು. ಹಬ್ಬದ ಮುಖ ಬೇಲಿಯ ಕಡೆಗಿದ್ದದ್ದು ಕ್ಯಾಮೆರಾದ ಕಡೆಗೆ ತಿರುಗಿತು. ನೆರೆಹೊರೆಯ ನಡುವೆ ಮಾತು ವಿರಳವಾಗುತ್ತಿರುವ ಈ ದಿನಗಳಲ್ಲಿ, ಯಾವ ಜಗಳವೂ ಇಲ್ಲದೆ ಒಂದು ದಾರಿ ಮುಚ್ಚಿಹೋಗುತ್ತಿದೆ.

ಬೇಕರಿಯವರ ಹೊಟ್ಟೆಪಾಡನ್ನು ಮರೆತಿಲ್ಲ. 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ತಿರುಮಲಾಚಾರ್ ಅವರು ಆರಂಭಿಸಿದ ಬೇಕರಿಯಿಂದ ಮೊದಲ್ಗೊಂಡು, ಅಯ್ಯಂಗಾರ್ ಬೇಕರಿಗಳು ಕರ್ನಾಟಕದ ಊರೂರಿನಲ್ಲಿ ಬೆಳೆದದ್ದು ಖಾರಾ ಬನ್ನು, ದಿಲ್‌ಪಸಂದ್, ಬೆಣ್ಣೆ ಬಿಸ್ಕತ್ತು, ರಸ್ಕುಗಳಿಂದ. ಕ್ರೀಮಿನ ಗೋಪುರ ಕಟ್ಟದೆಯೇ ಅವರು ನಾಲ್ಕು ತಲೆಮಾರು ಬದುಕಿದರು. (ಅವರ ಹನಿ ಕೇಕಿನಲ್ಲಿ ಎಷ್ಟೋ ಕಡೆ ಇರುವುದು ಬರೀ ಸಕ್ಕರೆ ಪಾಕ, ಜೇನಿನ ಸೀಮೆಯವರಾದ ನಾವು ಅದನ್ನೂ ಕೇಳದೆ ತಿನ್ನುತ್ತೇವೆ.) ಗಿರಾಕಿ ಕೇಳಿದರೆ ಬೇಕರಿಯವನು ಬೆಣ್ಣೆ ಹಾಕಿದ ಬರಿಯ ಕೇಕನ್ನೂ ಮಾಡಿಕೊಡುತ್ತಾನೆ. ನಾವು ಕೇಳುತ್ತಿಲ್ಲ.

ಆದುದರಿಂದ ನಮ್ಮ ಧರ್ಮಕೇಂದ್ರಗಳ ಪಾಲನಾ ಸಮಿತಿಗಳ ಮುಂದೆ ನೇರವಾಗಿಯೇ ಇಡುತ್ತೇನೆ. ಪ್ರಥಮ ಪರಮಪ್ರಸಾದದ ದಿನ ಮಕ್ಕಳೆಲ್ಲರಿಗೂ ಒಂದೇ ಸಿಹಿಯಿರಲಿ, ಅದರ ಮೇಲೆ ಯಾರ ಹೆಸರೂ ಚಿತ್ರವೂ ಬೇಡ. ಅದರ ಖರ್ಚನ್ನು ಧರ್ಮಕೇಂದ್ರವೇ ಹೊರಲಿ, ಉಳ್ಳವರು ಅಲ್ಲಿಗೆ ಕೊಡಲಿ. ಬೈಬಲನ್ನೂ ಪಾನಪಾತ್ರೆಯನ್ನೂ ಕೇಕಿನಲ್ಲಿ ಮಾಡಿಸುವುದನ್ನು ಗುರುಗಳು ತಾವೇ ಬೇಡವೆನ್ನಲಿ. ಮುಂಚಿತವಾಗಿ ಹೇಳಿದರೆ ಭಕ್ತರು ಬೇಸರಿಸುವುದಿಲ್ಲ. ಮಹಿಳಾ ಸಂಘಗಳಲ್ಲಿ ನೆವ್ರಿ, ದೋದೋಲ್, ಕಿಡ್ಯೊ ಬಲ್ಲ ಹಿರಿಯರು ಇನ್ನೂ ಇದ್ದಾರೆ, ಅವರಿಗೆ ಕೂಲಿ ಕೊಟ್ಟು ಮಾಡಿಸಬಹುದು. ತೊಡೆದೇವು ಬೇಕೆಂದರೆ ಏಪ್ರಿಲ್‌ನಲ್ಲಿ ಹುಡುಕಿ ಪ್ರಯೋಜನವಿಲ್ಲ. ಆಲೆಮನೆ ನಡೆಯುವ ದಿನಗಳಲ್ಲಿಯೇ, ಅಂದರೆ ಸಂಕ್ರಾಂತಿಯ ನಂತರ, ತೊಡೆಯುವ ಕೈಗಳಿರುವ ಮನೆಗಳಿಗೆ ಹೇಳಿಡಬೇಕು. ಡಬ್ಬಿಯಲ್ಲಿ ಗಾಳಿಯಾಡದಂತೆ ಇಟ್ಟರೆ ವಾರಗಟ್ಟಲೆ ಗರಿಗರಿಯಾಗಿರುತ್ತದೆ. ಮಡಕೆ ಮಾತ್ರ ಹದವಾದದ್ದು ಇರಬೇಕು, ಹೊಸತಾದರೆ ಹಿಟ್ಟು ಅಂಟಿಕೊಳ್ಳುತ್ತದೆ.